ಬಡಿಸುವವರಿಲ್ಲದ ಪಂಕ್ತಿ

ಹೊನ್ನಾವರದಲ್ಲಿ ರೊಟ್ಟಿ ಸಿಗುವುದಿಲ್ಲ ಎಂಬ ದೂರಿಗೆ ಹತ್ತಿರ ಹತ್ತಿರ ಏಳುನೂರು ವರ್ಷ ವಯಸ್ಸಾಯಿತು. ಅದನ್ನು ಬರೆದಿಟ್ಟವನು ಮೊರಾಕ್ಕೋದ ಟಾಂಜಿಯರ್ ಊರಿನ ಇಬ್ನ್ ಬತೂತ. ದೆಹಲಿಯ ಮುಹಮ್ಮದ್ ಬಿನ್ ತುಘಲಕ್ ಅವನನ್ನು ಚೀನಕ್ಕೆ ರಾಯಭಾರಿಯಾಗಿ ಕಳಿಸಿದ್ದ. 1340ರ ದಶಕದ ಆರಂಭದಲ್ಲಿ ಕಲ್ಲಿಕೋಟೆಯ ಕಡಲು ಚೀನದ ದೊರೆಗೆ ಉಡುಗೊರೆಗಳನ್ನು ಒಯ್ಯಬೇಕಿದ್ದ ಹಡಗನ್ನು ನುಂಗಿತು. ಬರಿಗೈಯಲ್ಲಿ ದೆಹಲಿಗೆ ಮರಳಿದರೆ ತಲೆ ಉಳಿಯುವ ಖಾತ್ರಿಯಿರಲಿಲ್ಲ. ಹಾಗಾಗಿ ಹೊನ್ನಾವರದ ಸುಲ್ತಾನ ಜಮಾಲುದ್ದೀನನ ಆಶ್ರಯಕ್ಕೆ ಬಂದ. ಊರಿನಲ್ಲಿ ಹುಡುಗರ ಶಾಲೆ 23, ಹುಡುಗಿಯರ ಶಾಲೆ 13 ಎಂದು ಎಣಿಸಿ ಬರೆದ ಈ ಪುಣ್ಯಾತ್ಮ ಊಟವನ್ನೂ ಅಷ್ಟೇ ಶ್ರದ್ಧೆಯಿಂದ ವರ್ಣಿಸಿದ್ದಾನೆ. ಮೊದಲು ದೊಡ್ಡ ಸೌಟಿನಲ್ಲಿ ಅನ್ನ, ಅದರ ಮೇಲೆ ತುಪ್ಪ, ಬದಿಗೆ ಕಾಳುಮೆಣಸು, ಹಸಿಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ; ಆಮೇಲೆ ಮತ್ತೆ ಅನ್ನ, ಕೋಳಿ; ಮತ್ತೆ ಅನ್ನ, ಮೀನು; ಮತ್ತೆ ಅನ್ನ, ತರಕಾರಿ; ಕೊನೆಗೆ ಮೊಸರು. ಸುಲ್ತಾನರು ಹೋದರು, ಪೋರ್ಚುಗೀಸರು ಬಂದು ಹೋದರು, ಶರಾವತಿಯ ಮೇಲೆ ರೈಲು ಸೇತುವೆಯೂ ಬಂತು. ಎಲೆಯ ಮೇಲಿನ ಈ ಕ್ರಮ ಮಾತ್ರ ಕದಲಿಲ್ಲ. ಇಷ್ಟೆಲ್ಲ ಉಂಡೂ ಅವನು, ಹನ್ನೊಂದು ತಿಂಗಳು ರೊಟ್ಟಿಯ ಮುಖ ಕಾಣದೆ ಬರೀ ಅನ್ನದಲ್ಲೇ ದಿನ ನೂಕಬೇಕಾಯಿತೆಂದು ಹಲುಬಿಕೊಂಡಿದ್ದಾನೆ. ಅವನ ಹಲುಬಿಕೆಯಲ್ಲಿ ಗಮನಿಸಬೇಕಾದ್ದು ಒಂದಿದೆ. ಏನು ಬಡಿಸಿದರು ಎಂಬುದಕ್ಕೆ ಅವನ ತಕರಾರು, ಬಡಿಸುವವರಿಗೆ ಕೊರತೆಯಿತ್ತು ಎಂದಲ್ಲ. ಸೌಟು ಹಿಡಿದು ನಿಂತ ಸೇವಕಿ ರೇಷ್ಮೆ ಉಟ್ಟಿದ್ದಳು ಎಂಬುದನ್ನು ಅವನು ಮರೆಯದೆ ದಾಖಲಿಸಿದ್ದಾನೆ.

ಈಗ ಗಾಳಿ ತಿರುಗಿದೆ. ಭಟ್ಕಳ, ಹೊನ್ನಾವರ, ಕುಮಟೆಯ ಮಕ್ಕಳು ಜರ್ಮನಿಗೆ, ಇಂಗ್ಲೆಂಡಿಗೆ, ಕೆನಡಕ್ಕೆ, ಆಸ್ಟ್ರೇಲಿಯಕ್ಕೆ ಓದಲು ಹೋಗುತ್ತಾರೆ. ಅಲ್ಲಿ ರೊಟ್ಟಿಗೆ ಬರವಿಲ್ಲ. ಉದ್ದದ್ದು, ದುಂಡಗಿನದು, ಕಲ್ಲಿನಷ್ಟು ಗಟ್ಟಿಯಾದದ್ದು, ಬೀಜ ಮೆತ್ತಿದ್ದು ಎಂದು ಅಂಗಡಿಯ ಒಂದು ಗೋಡೆ ತುಂಬ ರೊಟ್ಟಿಯೇ. ಹೋದವರು ಏನು ಓದುತ್ತಾರೆ ಎಂದು ಊರಿನಲ್ಲಿ ಕೇಳಿದರೆ ಡೇಟಾ ಸೈನ್ಸ್, ಮೆಕ್ಯಾನಿಕಲ್, ಪಬ್ಲಿಕ್ ಹೆಲ್ತ್ ಎಂಬ ಉತ್ತರ ಬರುತ್ತದೆ. ಅವೆಲ್ಲ ಪ್ರಮಾಣಪತ್ರದಲ್ಲಿ ಅಚ್ಚಾಗುವ ವಿಷಯಗಳು. ಅಚ್ಚಾಗದ ಒಂದು ವಿಷಯವಿದೆ. ಪ್ರತಿದಿನ ಎರಡು ಹೊತ್ತು ಅದರ ಪ್ರಾಕ್ಟಿಕಲ್ ಪರೀಕ್ಷೆ ನಡೆಯುತ್ತದೆ, ಫೇಲಾದವರು ಉಪವಾಸ ಮಲಗುತ್ತಾರೆ. ಅದು ಬಡಿಸುವವರಿಲ್ಲದೆ ಉಣ್ಣುವ ವಿದ್ಯೆ. ವಿದೇಶದ ಓದಿನಲ್ಲಿ ಇದೇ ಮುಖ್ಯ ವಿಷಯ, ಉಳಿದವು ಐಚ್ಛಿಕ ಎಂಬುದು ಈ ಪ್ರಬಂಧದ ವಾದ. ಬಡಿಸುವವರು ನಮ್ಮವರಾದರೆ ಕೊನೆಯ ಪಂಕ್ತಿಯಲ್ಲಿ ಕೂತರೂ ಅಡ್ಡಿಯಿಲ್ಲ ಎಂದು ನಮ್ಮ ಗಾದೆ. ಪಂಕ್ತಿಯಲ್ಲಿ ಇರುವುದು ಒಬ್ಬನೇ, ಎದುರಿಗೆ ಬರಿಯ ಗೋಡೆ ಎಂದಾದರೆ ಏನು ಮಾಡಬೇಕೆಂದು ಹೇಳುವ ಗಾದೆ ಕನ್ನಡದಲ್ಲಿ ಹುಟ್ಟಿಲ್ಲ. ಅಂಥ ಪ್ರಸಂಗ ಬರಬಹುದೆಂದು ನಮ್ಮ ಹಿರಿಯರಿಗೆ ತೋರಲೇ ಇಲ್ಲ.

ಮೊದಲ ಆಕ್ಷೇಪಣೆ ಭಟ್ಕಳದಿಂದಲೇ ಬರುತ್ತದೆ. ಪರದೇಶ ನಮಗೇನು ಹೊಸದೇ ಎಂದು ಅವರು ಕೇಳುವುದು ನ್ಯಾಯ. ಅರಬ್ ಮತ್ತು ಪರ್ಷಿಯನ್ ಮೂಲದ ವರ್ತಕರು ಈ ಕರಾವಳಿಯಲ್ಲಿ ನೆಲೆನಿಂತು ಬೆಳೆದ ಸಮುದಾಯ ನವಾಯತರದು; ಕಡಲಾಚೆಯಿಂದ ಬಂದವರ ಮೊಮ್ಮಕ್ಕಳಿಗೆ ಕಡಲಾಚೆ ಹೋಗುವುದು ಪಕ್ಕದ ಕೇರಿಗೆ ಹೋದಂತೆ. ತೈಲದ ಕಾಲ ಬಂದ ಮೇಲಂತೂ ದುಬೈ ಭಟ್ಕಳದ ಇನ್ನೊಂದು ಪೇಟೆಯಂತಾಯಿತು. ಆದರೆ ಕೊಲ್ಲಿಗೆ ಹೋದವನು ಒಬ್ಬನೇ ಹೋಗಲಿಲ್ಲ. ಅವನು ಇಳಿದದ್ದು ಊರವರದೇ ರೂಮಿಗೆ. ಅಲ್ಲಿ ಆರೆಂಟು ಜನ, ಅಡುಗೆಗೆ ಪಾಳಿ, ನವಾಯತಿಯಲ್ಲೇ ಬೈಗುಳ, ಶುಕ್ರವಾರಕ್ಕೆ ಬಿರಿಯಾನಿ. ಗಡಿಯಾರ ಕೂಡ ಭಾರತಕ್ಕಿಂತ ಒಂದೂವರೆ ತಾಸು ಮಾತ್ರ ಹಿಂದೆ, ಅಂದರೆ ಊರಿನಲ್ಲಿ ಮಧ್ಯಾಹ್ನದ ಊಟ ಮುಗಿದು ಒಂದು ನಿದ್ದೆ ತೆಗೆಯುವಷ್ಟರಲ್ಲಿ ಅಲ್ಲೂ ಊಟದ ಹೊತ್ತು. ಪಾಳಿಯಿದ್ದಲ್ಲಿ ಪಂಕ್ತಿಯಿದೆ, ಪಂಕ್ತಿಯಿದ್ದಲ್ಲಿ ಒಬ್ಬನಲ್ಲ ಒಬ್ಬ ಬಡಿಸುವವನಿದ್ದಾನೆ. ವಿದ್ಯಾರ್ಥಿಯ ಪಾಡು ಬೇರೆ. ಅವನ ಕೋಣೆಯ ಪಕ್ಕದಲ್ಲಿ ಕೊರಿಯದವನು, ಎದುರಿಗೆ ಬ್ರೆಜಿಲಿನವಳು, ಮೂಲೆಯಲ್ಲಿ ಹಗಲೆಲ್ಲ ಮಲಗಿ ರಾತ್ರಿ ಏಳುವ ಇನ್ನೊಬ್ಬ. ಅಡುಗೆಮನೆ ಎಲ್ಲರಿಗೂ ಒಂದೇ, ಅಡುಗೆ ಒಬ್ಬೊಬ್ಬನದು ಒಂದೊಂದು. ಫ್ರಿಜ್ಜಿನಲ್ಲಿ ಖಾನೆ ಖಾನೆಗೆ ಹೆಸರು ಅಂಟಿಸಿರುತ್ತಾರೆ. ಅವಿಭಕ್ತ ಕುಟುಂಬದಲ್ಲಿ ಹುಟ್ಟಿದವನಿಗೆ ಹಿಸ್ಸೆಯ ಮೊದಲ ಪಾಠ ಆ ಫ್ರಿಜ್ಜಿನಲ್ಲೇ ಆಗುತ್ತದೆ.

ಈ ವಿದ್ಯೆಗೆ ಊರಿನಿಂದ ಕಟ್ಟಿಕೊಡುವ ಬುತ್ತಿಯನ್ನು ನೋಡಿದರೆ ವಾದಕ್ಕೆ ಇನ್ನಷ್ಟು ಪುಷ್ಟಿ ಬರುತ್ತದೆ. ಮೂರೂ ಊರಿನಲ್ಲಿ ವಿಮಾನ ನಿಲ್ದಾಣವಿಲ್ಲ; ಮಂಗಳೂರಿಗೋ ಗೋವಾಕ್ಕೋ ಬೆಂಗಳೂರಿಗೋ ಹೋಗಿ ಹಾರಬೇಕು. ಹಾರುವ ಮುನ್ನ ಸೂಟ್‌ಕೇಸು 23 ಕಿಲೋ ದಾಟಬಾರದು. ಹೀಗಾಗಿ ಹೊರಡುವ ವಾರ ಮನೆಯಲ್ಲಿ ನಡೆಯುವುದೆಲ್ಲ ತೂಕದ ರಾಜಕೀಯ. ಅಪ್ಪನ ಪಕ್ಷ ಪುಸ್ತಕ, ಕೋಟು, ಸರ್ಟಿಫಿಕೇಟಿನ ಕಡೆ. ಆಯಿಯ ಪಕ್ಷ ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಮುರುಗಲು ಸಿಪ್ಪೆ, ಸಾರಿನ ಪುಡಿ, ಮೂರು ಲೀಟರ್ ಕುಕ್ಕರಿನ ಕಡೆ. ಮೀನುಣ್ಣುವ ಮನೆಯಾದರೆ ಒಣಮೀನನ್ನು ಏಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದರೆ ವಾಸನೆ ಹೊರಬರುತ್ತದೆಯೇ ಎಂಬ ಸಂಶೋಧನೆಯೂ ನಡೆಯುತ್ತದೆ. ಕೊನೆಗೆ ಗೆಲ್ಲುವುದು ಆಯಿಯ ಪಕ್ಷವೇ. ಕೋಟು ಮೈಮೇಲೆ ಹೋಗುತ್ತದೆ, ಪುಸ್ತಕ ಊರಲ್ಲೇ ಉಳಿಯುತ್ತದೆ. ಆಸ್ಟ್ರೇಲಿಯದಂಥ ದೇಶದಲ್ಲಿ ಇಳಿದ ತಕ್ಷಣ ತಂದ ತಿಂಡಿಯನ್ನೆಲ್ಲ ಫಾರಂ ಮೇಲೆ ಬರೆದು ಒಪ್ಪಿಸಬೇಕು. ತೊಡದೇವಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂಬ ಪ್ರಶ್ನೆಯನ್ನು ಯಾವ ಐಇಎಲ್‌ಟಿಎಸ್ ಪರೀಕ್ಷೆಯೂ ಕೇಳಿರುವುದಿಲ್ಲ, ಕಸ್ಟಮ್ಸಿನವನು ಕೇಳುತ್ತಾನೆ. ತಲೆಕೆಳಗಾದ ಮಡಕೆಯ ಬೆನ್ನಿನ ಮೇಲೆ ಅಕ್ಕಿಹಿಟ್ಟು, ಕಬ್ಬಿನ ಹಾಲು ಎಳೆದು ಮಾಡಿದ ಕಾಗದದಂಥ ಸಿಹಿ ಎಂದು ವಿವರಿಸಿದರೆ ಅವನಿಗೆ ಅನುಮಾನ ಹೆಚ್ಚೇ ಆಗುತ್ತದೆ. ಇಷ್ಟಾದರೂ ಆ ಸೂಟ್‌ಕೇಸಿನಲ್ಲಿ ಎಲ್ಲ ಇದ್ದು ಒಂದೇ ಒಂದು ಇರುವುದಿಲ್ಲ: ಅದರಲ್ಲಿರುವುದನ್ನು ಬೇಯಿಸಿ ತಟ್ಟೆಗೆ ಹಾಕುವ ಕೈ. ಅದಕ್ಕೆ 23 ಕಿಲೋ ಸಾಲದು.

ಪ್ರಾಕ್ಟಿಕಲ್ ಶುರುವಾಗುವುದು ಒಗ್ಗರಣೆಯಿಂದ. ಕುಮಟೆಯ ಮನೆಯಲ್ಲಿ ಒಗ್ಗರಣೆಯ ಚಟಪಟ ಕೇಳಿದರೆ ಮನೆಮಂದಿ ಒಳಗೆ ಬರುತ್ತಾರೆ. ವಿದ್ಯಾರ್ಥಿ ನಿಲಯದಲ್ಲಿ ಒಗ್ಗರಣೆ ಕೊಟ್ಟರೆ ಇಡೀ ಕಟ್ಟಡದವರು ಹೊರಗೆ ಹೋಗುತ್ತಾರೆ. ಸೂರಿನಲ್ಲಿ ಕೂತ ಹೊಗೆಯ ಗಂಟೆಗೆ ಸಾಸಿವೆ, ಒಣಮೆಣಸು, ಇಂಗು ಮತ್ತು ಅಗ್ನಿ ಅನಾಹುತದ ನಡುವೆ ವ್ಯತ್ಯಾಸ ತಿಳಿಯದು. ಅದು ಹೊಡೆದುಕೊಂಡರೆ ಸ್ನಾನದಲ್ಲಿದ್ದವನು ಟವೆಲಿನಲ್ಲೇ, ಪರೀಕ್ಷೆಗೆ ಓದುತ್ತಿದ್ದವಳು ಪುಸ್ತಕದೊಂದಿಗೇ, ಚಳಿಯಲ್ಲಿ ಅಂಗಳಕ್ಕೆ ಇಳಿಯಬೇಕು. ಎಲ್ಲರೂ ಸಾಲಾಗಿ ನಿಂತು ಯಾರ ಕೈಯಲ್ಲಿ ಸೌಟಿದೆ ಎಂದು ಹುಡುಕುತ್ತಾರೆ. ಒಂದು ಚಮಚ ಸಾಸಿವೆಗೆ ಇಷ್ಟು ಜನರನ್ನು ಒಟ್ಟುಗೂಡಿಸುವ ಶಕ್ತಿಯಿದೆ ಎಂಬುದು ಇಡಗುಂಜಿ ಯಕ್ಷಗಾನ ಮೇಳದ ಚಂಡೆಗೂ ಅಸೂಯೆ ತರುವ ಸಂಗತಿ. ಇನ್ನು ಕುಕ್ಕರಿನ ಸೀಟಿ. ಜರ್ಮನಿಯಲ್ಲಿ ರಾತ್ರಿ ಹತ್ತಾದ ಮೇಲೆ ಸದ್ದು ಮಾಡಬಾರದು. ಹತ್ತೂಕಾಲಿಗೆ ಕೆಲಸದಿಂದ ಬಂದವನು ಮೂರನೆಯ ಸೀಟಿಯನ್ನು ದಿಂಬಿನಡಿ ಅಡಗಿಸುವಂತಿಲ್ಲ. ಭಾನುವಾರ ಅಲ್ಲಿ ಅಂಗಡಿ ತೆರೆಯುವುದಿಲ್ಲ. ಶನಿವಾರ ಈರುಳ್ಳಿ ಮರೆತವನು ಸೋಮವಾರದವರೆಗೆ ಅದರ ನೆನಪಿನಲ್ಲೇ ಕಣ್ಣೀರು ಹಾಕಬೇಕು. ಹೆದ್ದಾರಿ 66ರ ಬದಿಯಲ್ಲಿ ಸಿಹಿ ಈರುಳ್ಳಿಯ ಗೊಂಚಲು ತೂಗಾಡುವ ಊರಿನಿಂದ ಬಂದವನಿಗೆ, ಪಕ್ಕದ ಮನೆಯ ಬೇಲಿ ದಾಟಿ ಅರ್ಧ ಕಾಯಿ ಕಡ ತರುವ ರೂಢಿಯವನಿಗೆ, ಇದು ಯಾವ ಗಣಿತಕ್ಕಿಂತಲೂ ಕಠಿಣ. ಭಾನುವಾರದ ಸಾಂಬಾರಿನ ಪದಾರ್ಥ ಗುರುವಾರವೇ ಗೊತ್ತಾಗಿರಬೇಕೆಂಬ ಮುಂದಾಲೋಚನೆಯನ್ನು ಅವನು ಅಲ್ಲಿಯವರೆಗೆ ಆಯಿಯ ಗೊಣಗಾಟ ಎಂದು ತಿಳಿದಿದ್ದ.

ಉಂಡ ಮೇಲಿನ ಪಾಠಗಳು ಇನ್ನೂ ಸೂಕ್ಷ್ಮ. ಜರ್ಮನಿಯಲ್ಲಿ ಕಸಕ್ಕೆ ಬಣ್ಣಬಣ್ಣದ ಡಬ್ಬಿಗಳು: ಕಾಗದಕ್ಕೊಂದು, ಕೊಳೆಯುವುದಕ್ಕೊಂದು, ಪ್ಯಾಕೆಟ್ಟಿಗೊಂದು, ಉಳಿದದ್ದಕ್ಕೊಂದು, ಗಾಜಿನ ಬಾಟಲಿಯಲ್ಲೂ ಬಿಳಿ, ಹಸಿರು, ಕಂದು ಎಂದು ಜಾತಿ. ಪ್ಲಾಸ್ಟಿಕ್ ಬಾಟಲಿ ಮರಳಿಸಿದರೆ 25 ಸೆಂಟ್ ವಾಪಸು. ಇದನ್ನು ಕಂಡು ಹುಡುಗ ಆ ದೇಶದ ಶಿಸ್ತಿಗೆ ಬೆರಗಾಗಿ ಊರಿಗೆ ಫೋಟೋ ಕಳಿಸುತ್ತಾನೆ. ಅವನ ಅಜ್ಜಿ ಬಾಳೆಎಲೆಯನ್ನು ದನಕ್ಕೆ, ಅಕ್ಕಿ ತೊಳೆದ ನೀರನ್ನು ಕಲಗಚ್ಚಿಗೆ, ಕರಟವನ್ನು ಬಚ್ಚಲ ಒಲೆಗೆ, ಬೂದಿಯನ್ನು ಪಾತ್ರೆಗೆ, ಪಾತ್ರೆ ತೊಳೆದ ನೀರನ್ನು ತೆಂಗಿನ ಬುಡಕ್ಕೆ ವಿಂಗಡಿಸುತ್ತಿದ್ದಳು. ಡಬ್ಬಿಗೆ ಬಣ್ಣ ಬಳಿದಿರಲಿಲ್ಲವಾದ್ದರಿಂದ ಅದು ಪರಿಸರ ವಿಜ್ಞಾನ ಎಂದು ಯಾರಿಗೂ ಹೊಳೆಯಲಿಲ್ಲ. ಲೆಕ್ಕದ ವಿಷಯದಲ್ಲೂ ಹೀಗೆಯೇ. ಜರ್ಮನ್ ಸರ್ಕಾರ ವೀಸಾ ಕೊಡುವ ಮೊದಲು ವರ್ಷದ ಖರ್ಚನ್ನು ಮುಟ್ಟಲಾಗದ ಖಾತೆಯೊಂದರಲ್ಲಿ ಇಡಿಸುತ್ತದೆ. 2024ರ ಸೆಪ್ಟೆಂಬರಿನಿಂದ ಆ ಮೊತ್ತ 11,904 ಯೂರೋ, ತಿಂಗಳಿಗೆ 992. ಅಂದರೆ ಯಾರೂ ಬೇಯಿಸಿ ಹಾಕದಿದ್ದರೆ ಒಬ್ಬ ಹುಡುಗನ ಬದುಕಿಗೆ ಎಷ್ಟು ಬೀಳುತ್ತದೆ ಎಂದು ಒಂದು ಸರ್ಕಾರವೇ ಕೂತು ಕೂಡಿಸಿ ಹೇಳಿದೆ. ಇಪ್ಪತ್ತೆರಡು ವರ್ಷ ಬೇಯಿಸಿ ಹಾಕಿದವಳ ಲೆಕ್ಕವನ್ನು ಊರಿನಲ್ಲಿ ಯಾರೂ ಕೂಡಿಸಿರಲಿಲ್ಲ.

ಇಲ್ಲಿ ಎರಡನೆಯ ಆಕ್ಷೇಪಣೆ ಏಳುತ್ತದೆ. ಇಷ್ಟಕ್ಕೆ ವಿದೇಶವೇ ಬೇಕೆ, ಧಾರವಾಡದ ಹಾಸ್ಟೆಲ್ಲೋ ಬೆಂಗಳೂರಿನ ಪಿಜಿಯೋ ಸಾಲದೆ ಎಂದು. ಸಾಲದು. ಹಾಸ್ಟೆಲ್ಲಿಗೆ ಮೆಸ್ ಇದೆ, ಮೆಸ್ಸಿಗೆ ಗಂಟೆಯಿದೆ, ಸಾರು ನೀರಾದರೂ ಸುರಿಯುವ ಕೈಯೊಂದಿದೆ. ಬೆಂಗಳೂರಿಗಂತೂ ಕುಮಟೆಯಿಂದ ರಾತ್ರಿ ಬಸ್ಸು ಹೊರಡುತ್ತದೆ. ಸಂಜೆ ಡ್ರೈವರನ ಕೈಗೆ ಡಬ್ಬಿ ಕೊಟ್ಟರೆ ಬೆಳಗ್ಗೆ ಮಗನ ಕೈಗೆ ಪತ್ರೊಡೆ ಸಿಗುತ್ತದೆ; ಅದು ಊಟದ ಹೊಕ್ಕುಳಬಳ್ಳಿ, ಬರಿಯ ಬಸ್ಸಲ್ಲ. ಪರದೇಶಕ್ಕೆ ಅಂಥ ಬಸ್ಸಿಲ್ಲ. ಅಲ್ಲಿಯೂ ಇಂಡಿಯನ್ ಸ್ಟೋರ್ ಇದೆ, ತುರಿದ ಕಾಯಿಯೂ ಮಂಜುಗಟ್ಟಿಸಿ ಸಿಗುತ್ತದೆ, ಫೋನೊತ್ತಿದರೆ ಬಿರಿಯಾನಿ ಬಾಗಿಲಿಗೆ ಬರುತ್ತದೆ ಎನ್ನುವವರಿದ್ದಾರೆ. ಪದಾರ್ಥ ಸಿಗುತ್ತದೆ ನಿಜ. ಬಾಗಿಲಿಗೆ ತಂದುಕೊಟ್ಟವನು ಫೈವ್ ಸ್ಟಾರ್ ಕೇಳುತ್ತಾನೆ, ಇನ್ನೊಂದು ಸ್ವಲ್ಪ ಹಾಕಲೇ ಎಂದು ಕೇಳುವುದಿಲ್ಲ. ಊಟ ತನ್ನಿಚ್ಛೆ ಎಂದು ಗಾದೆ ಹೇಳಿದರೂ ನಮ್ಮ ಕಡೆ ಊಟ ಬಡಿಸುವವರ ಇಚ್ಛೆ. ಸಾಕು ಎಂದು ಎಲೆಗೆ ಅಡ್ಡ ಹಿಡಿದ ಕೈಯ ಸಂದಿಯಿಂದಲೇ ಪಾಯಸ ಇಳಿಯುತ್ತದೆ. ಬೇಡವೆನ್ನುವ ಸುಖ ಬಡಿಸುವವರು ಇದ್ದಾಗ ಮಾತ್ರ. ಎಷ್ಟು ಬೇಕು ಎಂದು ತಾನೇ ತೀರ್ಮಾನಿಸಬೇಕಾದವನಿಗೆ ಮೊದಲ ಆರು ತಿಂಗಳು ಅನ್ನ ಒಂದೋ ಹೆಚ್ಚಾಗಿ ಮೂರು ದಿನ ಉಳಿಯುತ್ತದೆ, ಇಲ್ಲವೇ ಸಾಲದೆ ಬಿಸ್ಕತ್ತಿನಲ್ಲಿ ಮುಗಿಯುತ್ತದೆ.

ಈ ಪಠ್ಯಕ್ರಮದ ಅತ್ಯಂತ ವಿನೋದದ ಅಧ್ಯಾಯ ಅರೆಕಾಲಿಕ ಕೆಲಸದ್ದು. ಓದುವ ತಿಂಗಳುಗಳಲ್ಲಿ ಎಷ್ಟು ದುಡಿಯಬಹುದೆಂಬುದಕ್ಕೆ ಈ ದೇಶಗಳೆಲ್ಲ ಮಿತಿ ಹಾಕಿವೆ: ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ವಾರಕ್ಕೆ 20 ತಾಸು, ಕೆನಡದಲ್ಲಿ 2024ರ ನವೆಂಬರಿನಿಂದ 24, ಆಸ್ಟ್ರೇಲಿಯದಲ್ಲಿ 2023ರ ಜುಲೈಯಿಂದ ಎರಡು ವಾರಕ್ಕೆ 48. ಆ ತಾಸುಗಳಲ್ಲಿ ಸಿಗುವ ಕೆಲಸ ಬಹುಮಟ್ಟಿಗೆ ಹೋಟೆಲಿನಲ್ಲಿ, ಕೆಫೆಯಲ್ಲಿ, ಕ್ಯಾಂಟೀನಿನಲ್ಲಿ. ಅಂದರೆ ಬಡಿಸುವುದು, ಮೇಜು ಒರೆಸುವುದು, ತಟ್ಟೆ ತೊಳೆಯುವುದು. ಮನೆಯಲ್ಲಿ ನೀರಿನ ಲೋಟವನ್ನು ಸಹ ಕೂತಲ್ಲಿಗೇ ತರಿಸಿಕೊಂಡ ಮಾಣಿ, ಬ್ಯಾಂಕಿನಿಂದ ಲಕ್ಷಗಟ್ಟಲೆ ಸಾಲ ಮಾಡಿ, ಸಾವಿರಾರು ಮೈಲಿ ಹಾರಿ, ಅಪರಿಚಿತರಿಗೆ ನೀರು ತಂದುಕೊಡುವುದನ್ನು ಕಲಿಯುತ್ತಾನೆ. ಕರಾವಳಿಯಲ್ಲಿ ಮಾಣಿ ಎಂದರೆ ಹುಡುಗ ಎಂದೂ ಹೋಟೆಲಿನಲ್ಲಿ ಬಡಿಸುವವನೆಂದೂ ಎರಡು ಅರ್ಥವಿದೆ. ಎರಡೂ ಒಬ್ಬನಲ್ಲೇ ಸೇರುವುದು ಅಲ್ಲಿ. ಇದು ಅವಮಾನವಲ್ಲವೇ ಎಂದು ಊರಿನ ಹಿರಿಯರು ಮುಖ ಸಿಂಡರಿಸಬಹುದು. ಅವಮಾನವೆಂದರೆ ಅದು ಆ ಮನೆಯ ಹಳೆಯ ಏರ್ಪಾಡಿಗೆ. ಸಾಲದ ಕಂತು, ವೀಸಾದ ಚಿಂತೆ, ಕೆಲಸ ಸಿಕ್ಕೀತೋ ಎಂಬ ದಿಗಿಲು ಇವೆಲ್ಲ ಊಟಕ್ಕಿಂತ ದೊಡ್ಡ ಕಷ್ಟಗಳು, ಅವನ್ನು ಬಿಟ್ಟು ಸೌಟಿನ ಮಾತೇಕೆ ಎಂದೂ ಕೇಳಬಹುದು. ಆ ಕಷ್ಟಗಳು ದೊಡ್ಡವು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅವನ್ನು ಹೊತ್ತುಕೊಂಡು ಸಂಜೆ ಕೋಣೆಗೆ ಬಂದವನನ್ನು ಕಾಯುತ್ತಿರುವುದು ತೊಳೆಯದ ಕುಕ್ಕರು. ಸಾಲ ತೀರಿಸುವ ಧೈರ್ಯ ಅದನ್ನು ತೊಳೆಯುವುದರಿಂದಲೇ ಶುರುವಾಗಬೇಕು.

ಮೂರನೆಯ ಆಕ್ಷೇಪಣೆ ಹೆಣ್ಣುಮಕ್ಕಳದು. ಅದು ಎಲ್ಲಕ್ಕಿಂತ ಗಟ್ಟಿ. ಇದೆಲ್ಲ ಗಂಡುಹುಡುಗರ ರಾಮಾಯಣ, ನಮಗೆ ಹತ್ತನೆಯ ವಯಸ್ಸಿಗೇ ಈ ವಿದ್ಯೆ ಕಲಿಸಿದ್ದಾರೆ ಎಂದು ಅವರು ಹೇಳಿದರೆ ಒಪ್ಪಲೇಬೇಕು. ಒಗ್ಗರಣೆ ಸೀಯಿಸಿ ಗಂಟೆ ಹೊಡೆಸಿದ ಖ್ಯಾತಿ ಹುಡುಗಿಯರಿಗೆ ಕಡಿಮೆ. ಆದರೆ ಅವರಿಗೂ ಅಲ್ಲಿ ಕಲಿಯುವುದೊಂದಿದೆ, ಅದು ಇದೇ ಪಾಠದ ಮತ್ತೊಂದು ಮಗ್ಗುಲು. ಊರಿನ ಮನೆಯಲ್ಲಿ ಗಂಡಸರ ಪಂಕ್ತಿ, ನೆಂಟರ ಪಂಕ್ತಿ, ಮಕ್ಕಳ ಪಂಕ್ತಿ ಎದ್ದ ಮೇಲೆ, ತಳ ಹಿಡಿದ ಅನ್ನದೊಂದಿಗೆ ಕೂರುವುದು ಬಡಿಸಿದವರ ಪಾಲು. ಪರದೇಶದ ಕೋಣೆಯಲ್ಲಿ ಹುಡುಗಿ ಮೊದಲ ಸಲ ಯಾರಿಗೂ ಬಡಿಸದೆ, ಯಾರಿಗೂ ಕಾಯದೆ, ಬಿಸಿ ಇರುವಾಗಲೇ ಉಣ್ಣುತ್ತಾಳೆ. ಬೇಡವೆನಿಸಿದರೆ ಒಲೆ ಹಚ್ಚದೆ ಬಾಳೆಹಣ್ಣು ತಿಂದು ಮಲಗುತ್ತಾಳೆ, ಯಾರೂ ಲೆಕ್ಕ ಕೇಳುವುದಿಲ್ಲ. ಹುಡುಗನಿಗೆ ಬಡಿಸುವವರಿಲ್ಲದ ಊಟ ಶಿಕ್ಷೆಯಾಗಿ ಬಂದು ಶಿಕ್ಷಣವಾದರೆ, ಹುಡುಗಿಗೆ ಅದು ನೇರವಾಗಿ ರಜೆಯಾಗಿಯೇ ಬರುತ್ತದೆ. ಇಬ್ನ್ ಬತೂತ ಹೊನ್ನಾವರದ ಹುಡುಗಿಯರ ಶಾಲೆಗಳನ್ನು ಎಣಿಸಿದ, ಒಳ್ಳೆಯದಾಯಿತು. ಶಾಲೆ ಬಿಟ್ಟು ಮನೆಗೆ ಬಂದವರಲ್ಲಿ ಎಷ್ಟು ಜನ ಸೌಟು ಹಿಡಿದರು ಎಂದು ಎಣಿಸಿದ್ದರೆ ಇತಿಹಾಸಕ್ಕೆ ಇನ್ನಷ್ಟು ಉಪಕಾರವಾಗುತ್ತಿತ್ತು.

ಕೊನೆಯ ಆಕ್ಷೇಪಣೆ ಬುದ್ಧಿವಂತರದು. ಜರ್ಮನಿಗೆ ಹೋದವನು ಜರ್ಮನಿಯ ರೊಟ್ಟಿ ತಿನ್ನಲಿ, ಅಲ್ಲಿಯೂ ಸಾರು ಅನ್ನ ಎಂದು ಹಟ ಹಿಡಿದರೆ ಹೋದದ್ದೇಕೆ? ಇದಕ್ಕೆ ಉತ್ತರ ಅಘನಾಶಿನಿಯ ಗಜನಿ ಗದ್ದೆಯಲ್ಲಿದೆ. ಕುಮಟೆಯ ಮಾಣಿಕಟ್ಟಾದ ಕಡೆ ಬೆಳೆಯುವ ಕಗ್ಗ ಭತ್ತ ಉಪ್ಪುನೀರಿನಲ್ಲಿ ನಿಲ್ಲುತ್ತದೆ, ನೆರೆ ಬಂದರೆ ತಡೆದುಕೊಳ್ಳುತ್ತದೆ, ಗೊಬ್ಬರ ಕೇಳುವುದಿಲ್ಲ. ಬೇರೆ ಭತ್ತ ಸಾಯುವಲ್ಲಿ ಅದು ಬದುಕುತ್ತದೆ. ಹಾಗೆಂದು ಉಪ್ಪಾಗುವುದಿಲ್ಲ, ಕುಟ್ಟಿದರೆ ಅಕ್ಕಿಯೇ. ಹೊಂದಿಕೊಳ್ಳುವುದಕ್ಕೂ ಕರಗಿಹೋಗುವುದಕ್ಕೂ ಇರುವ ಅಂತರ ಅಷ್ಟೇ. ಕುಮಟೆ ತಾಲೂಕಿನ ಹನೇಹಳ್ಳಿಯ ಕತೆಗಾರ ಯಶವಂತ ಚಿತ್ತಾಲರು ಅಮೆರಿಕದ ನ್ಯೂಜೆರ್ಸಿಯ ಸ್ಟೀವನ್ಸ್ ಇನ್‌ಸ್ಟಿಟ್ಯೂಟಿನಲ್ಲಿ ಓದಿದರು, ಮುಂಬೈಯಲ್ಲಿ ಬದುಕಿದರು, ಪ್ಲಾಸ್ಟಿಕ್ ಉದ್ಯಮದಲ್ಲಿ ದುಡಿದರು. ಬರೆಯಲು ಕೂತಾಗ ಅವರ ಕತೆಗಳು ಮತ್ತೆ ಮತ್ತೆ ಇಳಿದದ್ದು ಹನೇಹಳ್ಳಿಯ ಅಂಗಳಕ್ಕೇ. ಅವರ ವಿದೇಶದ ಓದು ವ್ಯರ್ಥವಾಯಿತೆಂದು ಯಾರೂ ಹೇಳಿಲ್ಲ. ರೊಟ್ಟಿಯನ್ನೂ ತಿನ್ನಲಿ, ಸಾರನ್ನೂ ಮಾಡಲಿ. ರೊಟ್ಟಿಯನ್ನು ಸಾರಿಗೆ ಅದ್ದಿದರೆ ಎರಡು ದೇಶಗಳ ನಡುವೆ ಯಾವ ಒಪ್ಪಂದವೂ ತರದಷ್ಟು ಸೌಹಾರ್ದ ಬರುತ್ತದೆ.

ಈ ಓದಿನ ಪ್ರಗತಿಪತ್ರ ಪ್ರತಿದಿನ ಫೋನಿನಲ್ಲಿ ಬರುತ್ತದೆ. ಊಟ ಆತಾ ಎಂಬುದು ನಮ್ಮಲ್ಲಿ ಪ್ರಶ್ನೆಗಿಂತ ಹೆಚ್ಚಾಗಿ ನಮಸ್ಕಾರ. ಕೊಂಕಣಿ ಮನೆಯಲ್ಲಿ ಕೊಂಕಣಿಯಲ್ಲಿ, ನವಾಯತಿ ಮನೆಯಲ್ಲಿ ನವಾಯತಿಯಲ್ಲಿ, ಅದೇ ನಮಸ್ಕಾರ. ಹೊನ್ನಾವರದಲ್ಲಿ ರಾತ್ರಿಯ ಊಟ ಮುಗಿದಾಗ ಟೊರಾಂಟೋದಲ್ಲಿ ಬೆಳಗಿನ ಕ್ಲಾಸು ಮುಗಿಯುವ ಹೊತ್ತು. ಯಾವ ಊಟದ ಬಗ್ಗೆ ಕೇಳಿದ್ದೆಂದು ತಿಳಿಯದೆ ಮಗ ಎಲ್ಲಕ್ಕೂ ಸೇರಿಸಿ ಅಡ್ಡಿಲ್ಲೆ ಎನ್ನುತ್ತಾನೆ. ಅಡ್ಡಿಲ್ಲೆ ಎಂಬುದು ಉತ್ತರ ಕನ್ನಡದ ಸರ್ವೌಷಧಿ. ಚೆನ್ನಾಗಿದೆ, ಹೇಗೋ ನಡೆದಿದೆ, ಹಸಿದಿದ್ದೇನೆ, ಈ ಮೂರೂ ಅದರಲ್ಲಿ ಅಡಗುತ್ತವೆ. ಮೊದಲ ವರ್ಷ ಆಯಿ ಏನು ಉಂಡೆ ಎಂದು ಕೇಳುತ್ತಾಳೆ. ಎರಡನೆಯ ವರ್ಷ ಮಗ ತಿರುಗಿ, ನಿನ್ನದು ಆತಾ ಎಂದು ಕೇಳಿದರೆ, ಆಯಿ ಒಂದು ಕ್ಷಣ ಉತ್ತರ ತೋಚದೆ ನಿಲ್ಲುತ್ತಾಳೆ. ಆ ಪ್ರಶ್ನೆ ಅವಳಿಗೆ ಹೊಸದು. ಅವನು ಪಾಸಾದದ್ದು ಆ ದಿನ.

ಆದ್ದರಿಂದ ಮೂರೂ ಊರಿನ ಮನೆಗಳಲ್ಲಿ ಒಂದೇ ವಿನಂತಿ. ರಜೆಗೆ ಬಂದ ಮಗ ಉಂಡೆದ್ದು, ತನ್ನ ತಟ್ಟೆಯನ್ನೂ ಪಕ್ಕದವರ ತಟ್ಟೆಯನ್ನೂ ಎತ್ತಿಕೊಂಡು ಹಿತ್ತಲ ಕಡೆ ನಡೆದರೆ, ಅಲ್ಲೇ ಇಡು ತಮಾ, ನಾ ತೊಳೀತೆ ಎಂದು ಕೈ ಹಿಡಿದು ತಡೆಯಬೇಡಿ. ಲಕ್ಷಗಟ್ಟಲೆ ಸಾಲ ಮಾಡಿ ಕಲಿಸಿದ ವಿದ್ಯೆ ಅದು. ತೊಳೆಯಲು ಬಿಡಿ.